ಉಕ್ಕಡ ದಾಟಿದ ಮಡಿಲಕ್ಕಿ

ದೇಶಭಕ್ತಿಯ ಮೇಲೆ ಭಾಷಣ ಮಾಡುವವನು ಮದುವೆಯಾಗಿರಬಾರದು. ಆಗಿದ್ದರೂ ಹೆಂಡತಿಯ ತವರು ಅದೇ ಸರ್ಕಾರದ ಸರಹದ್ದಿನೊಳಗೆ ಇರಬೇಕು. ನನಗೆ ಈ ಎರಡು ಅನುಕೂಲಗಳೂ ಇರಲಿಲ್ಲ. ನಾನು ಕೊಳ್ಳೇಗಾಲದಲ್ಲಿ ಡ್ರಿಲ್ ಮೇಷ್ಟ್ರು. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಗೆ, ಅಂದರೆ ಮದ್ರಾಸಿನವರಿಗೆ ಸೇರಿತ್ತು. ನನ್ನಾಕೆ ನಂಜಮ್ಮನ ತವರು ಯಳಂದೂರು ಮೈಸೂರಿನವರದು. ಬಸ್ಸು ಹತ್ತಿ ಎಲೆಅಡಿಕೆ ಮೆಲ್ಲುತ್ತ ಕೂತರೆ ಬಾಯಿ ಕೆಂಪಾಗುವಷ್ಟರಲ್ಲಿ ಬರುವ ಊರು. ಆದರೂ ನಡುವೆ ಗಡಿ ಕಾಯುವ ಒಂದು ಉಕ್ಕಡ, ಅದಕ್ಕೊಂದು ಅಡ್ಡಮರ, ಅಡ್ಡಮರದ ಪಕ್ಕದಲ್ಲಿ ಮೀಸೆ ಬಿಟ್ಟ ಒಬ್ಬ ಜವಾನ. ಅಕ್ಕಿಗೆ ರೇಷನ್ ಇದ್ದ ಕಾಲ. ಆ ಕಡೆಯ ಅಕ್ಕಿ ಈ ಕಡೆಗೆ ಬರಕೂಡದು.

ಆ ವರ್ಷ ಸ್ವಾತಂತ್ರ್ಯದ ಹಬ್ಬಕ್ಕೆ ನೇಕಾರರ ಬೀದಿಯವರು ಬಾವುಟ ಏರಿಸಿ, ದೇಶಭಕ್ತಿ ಎಂದರೇನು ಹೇಳಿ ಎಂದು ನನ್ನನ್ನು ಕರೆದರು. ಅದರಲ್ಲಿ ನನಗೆ ಗೊಂದಲವೇ ಇರಲಿಲ್ಲ. ಸಾಲು ತಪ್ಪದೆ ನಿಲ್ಲುವುದೇ ದೇಶಭಕ್ತಿ. ನಮ್ಮ ಮನೆಯಲ್ಲಿ ಚೊಂಬು, ಚಪ್ಪಲಿ, ಕೊಡೆ ಎಲ್ಲವೂ ಒಂದೇ ಗೆರೆಯಲ್ಲಿ ನಿಲ್ಲುತ್ತವೆ; ನನ್ನೆದುರು ಬೆಕ್ಕು ಕೂಡ ಅಡ್ಡಾದಿಡ್ಡಿ ನಡೆಯುವುದಿಲ್ಲ ಎಂದು ನಂಜಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಅದು ಹೊಗಳಿಕೆಯೆಂದೇ ನಾನು ಬಹಳ ದಿನ ನಂಬಿದ್ದೆ. ಮಾತಿನ ಬಿಸಿಯಲ್ಲಿ, "ಉಕ್ಕಡ ದಾಟಿಸಿ ಒಂದು ಹಿಡಿ ಅಕ್ಕಿ ತಂದವನೂ ದೇಶದ್ರೋಹಿಯೇ!" ಎಂದು ಗುಡುಗಿದೆ. ಜೋರಾಗಿ ಚಪ್ಪಾಳೆ ಬಿತ್ತು. ಮುಂದೆಯೇ ಕೂತಿದ್ದ ನೇಕಾರ ಸಿದ್ದಪ್ಪ ಮಾತ್ರ ಕೈ ತಟ್ಟಲಿಲ್ಲ. ಅವನ ಸೊಸೆಯೂ ಯಳಂದೂರಿನವಳು.

ಅದಾದ ಕೆಲವೇ ದಿನಕ್ಕೆ, ಅತ್ತೆಯವರಿಗೆ ಮೈ ಸರಿಯಿಲ್ಲವೆಂದು ಸುದ್ದಿ ಬಂದು, ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ಯಳಂದೂರಿಗೆ ಹೋದೆವು. ಹಿಂದಿರುಗುವ ದಿನ ಗಂಟುಮೂಟೆಗಳನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಇಡಿಸಿ, ಬಿಚ್ಚಿಸಿ, ನೋಡಿ, ಕಟ್ಟಿಸಿದೆ. ಒಂದು ಕಾಳೂ ಇರಲಿಲ್ಲ. ಹೆಮ್ಮೆಯಿಂದ ಬಸ್ಸಿನಲ್ಲಿ ಜಾಗ ಹಿಡಿಯಲು ಮುಂದೆ ನಡೆದೆ.

ಬಸ್ಸು ಊರು ಬಿಟ್ಟ ಮೇಲೆ ಪಕ್ಕಕ್ಕೆ ನೋಡಿದರೆ ನಂಜಮ್ಮನ ಮಡಿಲು ಉಬ್ಬಿದೆ. ಸೆರಗಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿದ್ದಾಳೆ.

"ಏನದು?"

"ಮಡಿಲಕ್ಕಿ. ಅವ್ವ ತುಂಬಿದ್ಳು."

ಮಡಿಲು ತುಂಬುವುದೆಂದರೆ ತಾಯಿ ನಾಲ್ಕೈದು ಹಿಡಿ ಅಕ್ಕಿ, ಒಂದು ಕಾಯಿ, ಅರಿಸಿನ ಕುಂಕುಮ ಹಾಕುವುದು. ನಮ್ಮ ಅತ್ತೆಯ ಹಿಡಿ ಎಷ್ಟು ದೊಡ್ಡದೆಂದು ನನಗೆ ಅಂದೇ ತಿಳಿದದ್ದು.

"ಉಕ್ಕಡದಲ್ಲಿ ಕೊಟ್ಟುಬಿಡು."

"ಗಂಡನ ಮನೆ ದೇವರ ಮುಂದೆ ಬಿಚ್ಚೋ ಗಂಟು ಇದು. ಇನ್ನೊಂದ್ಸಲ ತುಂಬೋಕೆ ನಾನು ಇರ್ತೀನೋ ಇಲ್ವೋ ಅಂತ ಅತ್ಕಂಡು ತುಂಬಿದ್ಳು. ನೀವು ಹೊರಗೆ ಬಸ್ಸಿಗೆ ಓಡ್ತಿದ್ರಿ."

ಹಿಂದಿನ ಸೀಟಿನಿಂದ ಒಂದು ಕೆಮ್ಮು ಕೇಳಿಸಿತು. ತಿರುಗಿದರೆ ಸಿದ್ದಪ್ಪ, ಬೀಗರ ಮನೆಯಿಂದ ಹೊರಟವನು.

"ಅವತ್ತು ಬಾವುಟದ ಕೆಳಗೆ ಬೋ ಚೆಂದಾಗಿ ಮಾತಾಡಿದ್ರಿ ಸಾ," ಎಂದ. "ಇವತ್ತೂ ಒಸಿ ಮಾತಾಡಿ, ದಾರಿ ಸಾಗ್ತದೆ."

ಅಡ್ಡಮರ ಕಂಡಿತು. ಬಸ್ಸು ನಿಂತಿತು. ಜವಾನ ಹತ್ತಿ, ಒಂದೊಂದೇ ಗಂಟಿಗೆ ಕಬ್ಬಿಣದ ಕಡ್ಡಿ ಚುಚ್ಚುತ್ತ ಬಂದ. ಮುಂದಿನ ಸೀಟಿನ ಮುದುಕನ ತಲೆದಿಂಬಿನಿಂದ ಅಕ್ಕಿ ಸುರಿಯಿತು. ದಿಂಬು ಕೆಳಗಿಳಿಯಿತು, ಅದರ ಹಿಂದೆ ಗೋಗರೆಯುತ್ತ ಮುದುಕನೂ ಇಳಿದ. ಜವಾನ ಈಗ ನನ್ನ ಮುಂದೆ ಬಂದು ನಿಂತ. ಇಲ್ಲ ಎಂದರೆ ಹಿಂದೆ ಸಿದ್ದಪ್ಪ. ಇದೆ ಎಂದರೆ ಪಕ್ಕದಲ್ಲಿ ನಂಜಮ್ಮ, ಅವಳ ಮಡಿಲಲ್ಲಿ ಅವಳ ತಾಯಿಯ ಕೊನೆಯದಾಗಬಹುದಾದ ಅಕ್ಕಿ.

"ಅಕ್ಕಿ ಗಿಕ್ಕಿ ಐತಾ ಸಾ?"

ನನ್ನ ಕಾಲುಗಳು ತಾವಾಗಿಯೇ ಅಟೆನ್ಷನ್ನಿಗೆ ಎದ್ದು ನಿಂತವು. "ಇದೆ," ಎಂದೆ. ದನಿ ನನ್ನದೇ ಎಂದು ನಂಬಲಾಗಲಿಲ್ಲ.

"ಎಲ್ಲೈತೆ?"

ಬೆರಳು ತೋರಿಸಬೇಕಾಗಲಿಲ್ಲ. ನಂಜಮ್ಮ ತಾನೇ ಎದ್ದಳು. ನನ್ನತ್ತ ನೋಡಲೂ ಇಲ್ಲ. "ಇಲ್ಲೈತೆ ಕಣಪ್ಪ. ತವರಿನ ಮಡಿಲಕ್ಕಿ. ನಾನು ಬಿಚ್ಚಾಕಿಲ್ಲ. ನೀನೇ ಕೈ ಹಾಕಿ ತಕ."

ಜವಾನನ ಕಡ್ಡಿ ಅಲ್ಲೇ ನಿಂತಿತು. ಅವನು ಒಂದು ಹೆಜ್ಜೆ ಹಿಂದೆ ಸರಿದು, "ಕೂತ್ಕಳವ್ವ, ನಮ್ಮನೇಲೂ ಅಕ್ಕತಂಗೀರವ್ರೆ," ಎಂದ. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀವ್ಯಾಕ್ ಸಾ ನಿಂತಿದ್ದೀರಿ? ಕೂತ್ಕಳಿ."

ಅಡ್ಡಮರ ಎದ್ದಿತು. ಸಿದ್ದಪ್ಪ ಆಗ ಕೈ ತಟ್ಟಿದ, ಆದರೆ ನನಗಲ್ಲ. "ಅವ್ವಾ, ಮುಂದಿನ ವರ್ಷ ಬಾವುಟ ನೀನೇ ಏರಿಸಬೇಕು ಕಣವ್ವ!" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಂಜಮ್ಮ ನಗಲಿಲ್ಲ. ಕೊಳ್ಳೇಗಾಲದವರೆಗೂ ಕಿಟಕಿಯಾಚೆ ನೋಡುತ್ತಲೇ ಇದ್ದಳು.

ಮನೆಗೆ ಬಂದು ದೇವರ ಮುಂದೆ ಗಂಟು ಬಿಚ್ಚಿದಳು. ಮರುದಿನ ಮಧ್ಯಾಹ್ನ ಅಡುಗೆಮನೆಯಿಂದ ಯಳಂದೂರು ಅಕ್ಕಿಯ ಘಮ ನಡುಮನೆಗೆಲ್ಲ ಹರಡಿತು. ಕೈಕಾಲು ತೊಳೆದು ಮಕ್ಕಳ ಪಕ್ಕ ಕೂತೆ. ಮಕ್ಕಳ ಎಲೆಗೆ ಮಲ್ಲಿಗೆಯಂಥ ಅನ್ನ ಬಿತ್ತು. ನನ್ನ ಎಲೆಗೆ ಬಿದ್ದದ್ದು ಮುಗ್ಗಲು ವಾಸನೆಯ, ಕಲ್ಲು ಬೆರೆತ, ಕೆಂಚು ಬಣ್ಣದ ರೇಷನ್ ಅನ್ನ.

"ಇದೇನು?" ಎಂದೆ.

"ಅದು ಉಕ್ಕಡ ದಾಟಿ ಬಂದದ್ದು," ಎಂದಳು. "ನಿಮ್ಮಂಥವರು ಮುಟ್ಟಬಾರದು."

ಆ ಮಡಿಲಕ್ಕಿ ತೀರುವವರೆಗೂ ನಾನು ಸಾಲು ತಪ್ಪದೆ ಕೂತು, ಕಲ್ಲು ಕಡಿದುಕೊಂಡು ಉಂಡೆ. ನಡುವೆ ಒಂದು ದಿನ ತಡೆಯಲಾರದೆ, ಅವಳು ಹಿತ್ತಿಲಿಗೆ ಹೋದ ಹೊತ್ತು ನೋಡಿ, ತಟ್ಟೆ ಹಿಡಿದು ಮೆಲ್ಲನೆ ಅಡುಗೆಮನೆಯ ಹೊಸ್ತಿಲ ಮೇಲೆ ಕಾಲಿಟ್ಟೆ. ಬಾಗಿಲಿಗೆ ಅಡ್ಡವಾಗಿ ಒನಕೆ ಇಟ್ಟಿದ್ದಳು.