ಗುಡ್ಡದ ಫ್ಯಾನಿನ ಡೀಸೆಲ್

ಮಿಕ್ಸಿಯಲ್ಲಿ ಚಟ್ನಿ ಅರ್ಧ ನುಣ್ಣಗಾಗಿತ್ತು, ಕರೆಂಟು ಹೋಯಿತು. ಇಷ್ಟೇ ಆಗಿದ್ದರೆ ಕರೇಕಲ್ಲುಹಳ್ಳಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅದೇ ಗಳಿಗೆಯಲ್ಲಿ ಜಯರಾಮಯ್ಯ ಹಿತ್ತಲಲ್ಲಿ ಹಲ್ಲುಜ್ಜುತ್ತ ಗುಡ್ಡದ ಕಡೆ ನೋಡುತ್ತಿದ್ದ. ಒಳಗೆ ಗೊರ್ರೆಂದು ಮಿಕ್ಸಿ ನಿಂತಿತು. ಅಲ್ಲಿ ಗುಡ್ಡದ ಮೇಲೆ ಗಾಳಿ ಕರೆಂಟಿನ ಕಂಪನಿಯವರ ಫ್ಯಾನೂ ಮೆಲ್ಲಗೆ, ಯಾರೋ ಸ್ವಿಚ್ ಆರಿಸಿದ ಹಾಗೆ, ನಿಂತಿತು.

ಗಾಳಿಯೇನೂ ನಿಂತಿರಲಿಲ್ಲ. ಆಷಾಢದ ಗಾಳಿ ಅವನ ಹೆಗಲ ಮೇಲಿನ ಟವೆಲ್ಲನ್ನು ಆಗಷ್ಟೇ ಕಿತ್ತುಕೊಂಡು ಹೋಗಿ ಪಕ್ಕದ ಮನೆಯ ನುಗ್ಗೇಮರಕ್ಕೆ ಪೇಟ ಸುತ್ತಿತ್ತು.

"ಕರೆಂಟ್ ಹೋಯ್ತು ಕಣ್ರೀ," ಒಳಗಿಂದ ಹೆಂಡತಿ ರಾಮಾಂಜಿನಮ್ಮ ಕೂಗಿದಳು.

"ಹೋಗಿಲ್ಲ ಕಣೇ. ಯಾರೋ ತಗ್ದವ್ರೆ," ಎಂದ ಜಯರಾಮಯ್ಯ, ಬಾಯಿ ತುಂಬ ನೊರೆ ಇಟ್ಟುಕೊಂಡು.

ಜಯರಾಮಯ್ಯ ಹಾಲಿನ ಡೈರಿಯಲ್ಲಿ ಟೆಸ್ಟರ್ ಆಗಿದ್ದು ನಿವೃತ್ತನಾದವನು. ಊರಿನ ಪ್ರತಿಯೊಂದು ಎಮ್ಮೆ ಹಸುವಿನ ಹಾಲಿನಲ್ಲೂ ನೀರು ಹುಡುಕಿ ಹುಡುಕಿ, ಕೊನೆಗೆ ಹಾಲಲ್ಲದ್ದರಲ್ಲೂ ನೀರು ಹುಡುಕುವುದು ಅವನಿಗೆ ಅಭ್ಯಾಸವಾಗಿತ್ತು. ಮಗಳನ್ನು ನೋಡಲು ಬಂದ ಗಂಡಿನ ನಗುವಿನಲ್ಲೇ ಅವನಿಗೆ ಕಲಬೆರಕೆ ಕಂಡಿತ್ತು. ಅಂಥವನ ಕಣ್ಣೆದುರು ಮಿಕ್ಸಿಯೂ ಫ್ಯಾನೂ ಒಟ್ಟಿಗೆ ನಿಂತರೆ ಬಿಡುತ್ತಾನೆಯೇ? ಅರ್ಧ ಅರೆದ ಚಟ್ನಿಯಲ್ಲೇ ತಿಂಡಿ ಮುಗಿಸಿ, ಅಂಗಿ ತೊಟ್ಟು ವನಜಾಕ್ಷಿಯ ಹೋಟೆಲಿಗೆ ಹೊರಟ.

ಹೋಟೆಲೆಂದರೆ ಬಸ್ ನಿಲ್ದಾಣದ ಪಕ್ಕದ ಶೀಟಿನ ಮನೆ. ಬೆಳಗಿನ ಹೊತ್ತು ಅರ್ಧ ಊರು ಅಲ್ಲೇ ಇರುತ್ತಿತ್ತು. ಜಯರಾಮಯ್ಯ ಟೀ ಹೇಳಿ, ಎಲ್ಲರಿಗೂ ಕೇಳುವಂತೆ ಕೆಮ್ಮಿದ.

"ಗುಡ್ಡದ ಮ್ಯಾಲಿರೋದು ಗಾಳಿಯಿಂದ ಕರೆಂಟ್ ಮಾಡೋ ಮಿಷನ್ನಲ್ಲ. ನಮ್ಮ ಕರೆಂಟಿಂದ ತಿರುಗೋ ಫ್ಯಾನು. ಕರೆಂಟ್ ಹೋದ ಕೂಡ್ಲೆ ನಮ್ಮನೆ ಫ್ಯಾನ್ ಹೆಂಗೆ ನಿಲ್ತದೋ ಅಂಗೇ ನಿಂತೈತೆ. ಬಂದು ನೋಡ್ರಿ."

ಎಲ್ಲರೂ ಹೊರಗೆ ಬಂದು ಕತ್ತೆತ್ತಿದರು. ನಿಂತಿತ್ತು.

ಜಗಲಿಯ ಮೇಲೆ ಕೂತಿದ್ದ ರೇಣುಕಯ್ಯ ಮಾತ್ರ ಏಳಲಿಲ್ಲ. ಒಂದು ಕಾಲದಲ್ಲಿ ಅವನ ಹಾಲನ್ನು ಜಯರಾಮಯ್ಯ ಸಾಲಿನಲ್ಲಿ ನಿಂತವರೆಲ್ಲ ನೋಡುವ ಹಾಗೆ ವಾಪಸು ಕಳಿಸಿದ್ದ. ಅಂದಿನಿಂದ ಜಯರಾಮಯ್ಯ ಪೂರ್ವ ಅಂದರೆ ರೇಣುಕಯ್ಯ ಪಶ್ಚಿಮ ಅನ್ನುತ್ತಿದ್ದ.

"ಅಂಗಾರೆ ಕರೆಂಟು ಸುಟ್ಟು ಗಾಳಿ ಬೀಸ್ತಾವ್ರಾ? ಯಾರಿಗ್ಲಾ ಬೀಸ್ತಾವ್ರೆ, ಪಾವಗಡದೋರಿಗೆ ಸೆಕೆ ಅಂತಾನಾ?"

ಹೋಟೆಲೆಲ್ಲ ನಕ್ಕಿತು. ಜಯರಾಮಯ್ಯನ ಮುಖ ಒಡೆದ ಹಾಲಿನ ಹಾಗಾಯಿತು. ಅವನ ಪುಣ್ಯಕ್ಕೆ ಅದೇ ಹೊತ್ತಿಗೆ ಹುಲಿಕುಂಟೆ ಕಡೆಯಿಂದ ಕಂಪನಿಯ ಜೀಪು ಬಂತು. ಹಿಂದೆ ಒಂದು ಬ್ಯಾರೆಲ್ಲು, ನಾಲ್ಕಾರು ಕ್ಯಾನು. ಜಯರಾಮಯ್ಯ ರಸ್ತೆಯ ನಡುವೆ ಕೈ ಚಾಚಿ ನಿಂತುಬಿಟ್ಟ.

"ಏನಪ್ಪಾ ಅದು ಹಿಂದೆ?"

ಜೀಪು ಓಡಿಸುತ್ತಿದ್ದ ಟೆಕ್ನಿಷಿಯನ್ ಅಂಜನ್ ಕುಮಾರ್ ತಲೆ ಹೊರಗೆ ಹಾಕಿದ. "ಆಯಿಲ್ ಸಾರ್."

"ಗಾಳಿಲಿ ತಿರುಗೋ ಮಿಷನ್‌ಗೆ ಎಣ್ಣೆ ಯಾಕಪ್ಪಾ?"

"ಮೇಲೆ ತಲೇಲಿ ಕಮ್ಮಿ ಆಗಿದೆ, ಹಾಕ್ಬೇಕು. ದಾರಿ ಬಿಡಿ ಸಾರ್, ಲೇಟಾಯ್ತು," ಎಂದವನೇ ಅವನನ್ನು ಬಳಸಿಕೊಂಡು ಹೋಗಿಬಿಟ್ಟ.

ಜಯರಾಮಯ್ಯ ಧೂಳಿನೊಳಗಿಂದ ತಿರುಗಿದಾಗ ಅವನ ಮುಖದಲ್ಲಿ ಹಾಲಿನಲ್ಲಿ ನೀರು ಸಿಕ್ಕ ದಿನದ ಕಳೆಯಿತ್ತು.

"ಕೇಳಿದ್ರಾ? ತಲೇಲಿ ಎಣ್ಣೆ! ಮ್ಯಾಲೆ ಡೀಸೆಲ್ ಇಂಜಿನ್ ಮಡಗವ್ರೆ. ಇಂಜಿನ್ ಓಡ್ಸಿ ರೆಕ್ಕೆ ತಿರುಗಿಸೋದು, ಗಾಳಿ ಕರೆಂಟು ಅಂತ ಸರ್ಕಾರಕ್ಕೆ ಮಾರೋದು!"

ಈ ಸಲ ಯಾರೂ ನಗಲಿಲ್ಲ. ಕರೆಂಟಿನ ಲೆಕ್ಕ ಊರಿಗೆ ತಿಳಿಯದು. ಡೀಸೆಲ್ಲಿನ ಲೆಕ್ಕ ಎಲ್ಲರಿಗೂ ತಿಳಿದದ್ದೇ.

"ಅದಕ್ಕೇ ಕಣಣ್ಣ ರಾತ್ರಿ ಹೊತ್ತು ಗೂಂಯ್ ಅಂತ ಸದ್ದು," ಎಂದಳು ವನಜಾಕ್ಷಿ, ಟೀ ಸೋಸುವುದನ್ನು ನಿಲ್ಲಿಸಿ.

ರೇಣುಕಯ್ಯ ಈಗ ಎದ್ದ. ಊರೆಲ್ಲ ಒಂದು ಕಡೆ ಹೊರಟಾಗ ಹಿಂದೆ ಬೀಳುವ ಅಭ್ಯಾಸ ಅವನಿಗಿರಲಿಲ್ಲ. "ನಾನು ಅವತ್ತೇ ಅಂದಿದ್ದೆ ಕಣ್ರಲಾ," ಎಂದು ಟವೆಲ್ ಕೊಡವಿ ಎಲ್ಲರಿಗಿಂತ ಮುಂದೆ ಗುಡ್ಡದ ಕಡೆ ನಡೆದ.

ಗುಡ್ಡ ಹತ್ತಿ ಹೋಗುವಷ್ಟರಲ್ಲಿ ಹಿಂದೆ ದೊಡ್ಡ ಗುಂಪಾಗಿತ್ತು. ದೂರದಿಂದ ಊದುಬತ್ತಿಯ ಹಾಗೆ ಕಾಣುತ್ತಿದ್ದ ಕಂಬ, ಹತ್ತಿರ ಹೋದರೆ ಒಂದು ಮನೆಯನ್ನೇ ಒಳಗಿಡುವಷ್ಟು ದಪ್ಪಗಿತ್ತು. ಬುಡದಲ್ಲಿ ಕಬ್ಬಿಣದ ಬಾಗಿಲು. ಬಾಗಿಲ ಮುಂದೆ ಹೆಲ್ಮೆಟ್ ಹಾಕಿದ ಹುಡುಗಿ. ಅವಳೇ ಇಂಜಿನಿಯರ್ ಸಹನಾ, ಕೊರಟಗೆರೆಯವಳು. ಗಾಳಿ ತಗ್ಗಲೆಂದು ಕಾಯುತ್ತಿದ್ದಳು.

"ಬಾಗ್ಲು ತಗೀರಮ್ಮ. ಒಳಗಿರೋ ಡೀಸೆಲ್ ಇಂಜಿನ್ ನೋಡ್ಬೇಕು," ಎಂದ ಜಯರಾಮಯ್ಯ.

ಸಹನಾ ನಕ್ಕಳು. ನಗಬಾರದಿತ್ತು.

"ಡೀಸೆಲ್ ಇಲ್ಲ ಸರ್. ಗೇರ್‌ಬಾಕ್ಸಿಗೆ ಎಣ್ಣೆ ಕಮ್ಮಿಯಾಗಿದೆ, ಅದಕ್ಕೆ ಮಿಷನ್ ತಾನೇ ನಿಂತ್ಕೊಂಡಿದೆ. ಊರಿನ ಕರೆಂಟಿಗೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಕಡೆ ಕಂಬ ಬದಲಾಯಿಸ್ತಿದಾರಂತೆ, ಲೈನ್ ಆಫ್ ಮಾಡಿದಾರೆ."

"ಎರಡೂ ಒಂದೇ ಗಳಿಗೇಲಾ?"

"ಹೌದು ಸರ್."

"ನೋಡಿದ್ರಾ?" ಎಂದು ಜಯರಾಮಯ್ಯ ಜನರ ಕಡೆ ತಿರುಗಿದ. ಜನ ಹೂಂಗುಟ್ಟಿತು. ಅವನು ಏರಿದ ದನಿಯಲ್ಲಿ, "ಧೈರ್ಯ ಇದ್ರೆ ನನ್ನ ಮ್ಯಾಲಕ್ಕೆ ಕರ್ಕೊಂಡೋಗಿ ತೋರಿಸ್ರಮ್ಮ!" ಎಂದ.

ಇಲ್ಲ ಅನ್ನುತ್ತಾಳೆ, ತಾನು ಗೆದ್ದು ಕೆಳಗಿಳಿಯುತ್ತೇನೆ ಎಂಬುದು ಅವನ ಲೆಕ್ಕ. ಸಹನಾ ಪಕ್ಕಕ್ಕೆ ಹೋಗಿ ಫೋನಿನಲ್ಲಿ ಯಾರೊಂದಿಗೋ ಬಹಳ ಹೊತ್ತು ಮಾತಾಡಿ ಬಂದಳು. "ಸಾಹೇಬ್ರು ಒಪ್ಪಿದಾರೆ. ಗಾಳಿನೂ ತಗ್ಗಿದೆ. ಬಿಪಿ ಇದೆಯಾ ಸರ್?"

ಇದೆ ಅನ್ನಲು ಜಯರಾಮಯ್ಯ ಬಾಯಿ ತೆರೆದ. ಹಿಂದಿನಿಂದ ರೇಣುಕಯ್ಯ, "ಅವನಿಗ್ಯಾವ ಬಿಪಿನೂ ಇಲ್ಲ ಕಣಮ್ಮ, ಗುಂಡ್ಕಲ್ಲಿದ್ದಂಗವ್ನೆ. ಹೋಗ್ಲಾ ಜಯರಾಮ, ಊರಿನ ಮಾನ ಉಳಿಸ್ಲಾ," ಎಂದು ಬೆನ್ನಿಗೆ ಕೈ ಹಾಕಿ ತಳ್ಳಿದ.

ಹೆಲ್ಮೆಟ್ ಬಂತು. ತೊಡೆಗೆ, ಸೊಂಟಕ್ಕೆ, ಭುಜಕ್ಕೆ ಬೆಲ್ಟು ಬಿಗಿದರು. ಜಾತ್ರೆಗೆ ಹೊರಟ ಹೋರಿಯ ಹಾಗೆ ಕಂಡ ಅವನನ್ನು ಒಬ್ಬರ ಮೈ ಒಬ್ಬರಿಗೆ ತಗಲುವಷ್ಟು ಇಕ್ಕಟ್ಟಾದ ಲಿಫ್ಟಿನಲ್ಲಿ ಸಹನಾ ಮೇಲಕ್ಕೆ ಕರೆದೊಯ್ದಳು. ಅಂಜನ್ ಎಣ್ಣೆಯ ಕ್ಯಾನು ಹಿಡಿದು ಮೊದಲೇ ಮೇಲೆ ಹೋಗಿದ್ದ. ಲಿಫ್ಟು ಕರಕರ ಎನ್ನುತ್ತ ಏರಿತು, ಏರುತ್ತಲೇ ಇತ್ತು. ಜಯರಾಮಯ್ಯ ಕಣ್ಣು ಮುಚ್ಚಿ ಮನೆದೇವರನ್ನು ನೆನೆದ. ನೆನೆದು ಮುಗಿದರೂ ಲಿಫ್ಟು ನಿಂತಿರಲಿಲ್ಲ. ಹೆಂಡತಿಯ ತವರಿನ ದೇವರನ್ನೂ ನೆನೆಯಬೇಕಾಯಿತು.

ಮೇಲೆ ಬಸ್ಸಿನಷ್ಟುದ್ದದ ಕೋಣೆ. ಇಡೀ ಕೋಣೆ ಉಯ್ಯಾಲೆಯ ಹಾಗೆ ಮೆಲ್ಲಗೆ ತೂಗುತ್ತಿತ್ತು. ಜಯರಾಮಯ್ಯ ಸಿಕ್ಕಿದ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ.

"ಇದು ರೆಕ್ಕೆಯ ಅಚ್ಚು ಸರ್," ಸಹನಾ ತೋರಿಸಿದಳು. "ರೆಕ್ಕೆ ನಿಮಿಷಕ್ಕೆ ಹತ್ತು ಹದಿನೈದು ಸುತ್ತು ತಿರುಗುತ್ತೆ, ಅಷ್ಟೇ. ಅಷ್ಟು ನಿಧಾನಕ್ಕೆ ನಮ್ಮ ಜನರೇಟರಲ್ಲಿ ಕರೆಂಟ್ ಹುಟ್ಟಲ್ಲ. ಈ ಗೇರ್‌ಬಾಕ್ಸು ಅದನ್ನ ನೂರು ಪಟ್ಟು ಜೋರು ಮಾಡಿ ಆ ಜನರೇಟರಿಗೆ ಕೊಡುತ್ತೆ. ಹಳೇ ಸೈಕಲ್ಲಿನ ಡೈನಮೋ ನೋಡಿದೀರಲ್ಲ, ಅದೇ ಥರ. ಹಲ್ಲಿಗೆ ಹಲ್ಲು ಉಜ್ಜುತ್ತಲ್ಲ, ಅದಕ್ಕೇ ಎಣ್ಣೆ."

ಜಯರಾಮಯ್ಯ ಡೈರಿಯ ಕಣ್ಣಿನಿಂದ ಮೂಲೆಮೂಲೆ ನೋಡಿದ. ಬಗ್ಗಿ ನೋಡಿದ. ಅಂಜನ್ ಸುರಿಯುತ್ತಿದ್ದ ಎಣ್ಣೆಗೆ ಬೆರಳದ್ದಿ, ಅಂಗಿಯ ತೋಳಿಗೆ ಒರೆಸಿಕೊಂಡ. ಮಂದವಾದ ಗೇರ್ ಎಣ್ಣೆ. ಡೀಸೆಲ್ ಇರಲಿಲ್ಲ, ಇಂಜಿನ್ ಇರಲಿಲ್ಲ, ಹೊಗೆಯ ಕೊಳವೆ ಇರಲಿಲ್ಲ. ಹುಟ್ಟಿದ ಮೇಲೆ ಮೊದಲ ಬಾರಿಗೆ ಅವನಿಗೆ ನೀರು ಬೆರೆಸದ ಹಾಲು ಕಂಡಂತಾಯಿತು.

"ಗಾಳಿ ಯಾವ ಕಡೆಯಿಂದ ಬಂದ್ರೆ ಆ ಕಡೆಗೆ ತಲೆ ತಾನೇ ತಿರುಗುತ್ತೆ. ಅಂಜನ್, ಒಂದ್ಸಲ ತಿರುಗಿಸು, ನೋಡೋಣ," ಎಂದಳು ಸಹನಾ.

ಕೋಣೆ ಗರ್ರೆಂದು ತಿರುಗತೊಡಗಿತು. "ಅಯ್ಯಯ್ಯೋ, ನಿಲ್ಸಪ್ಪಾ!" ಎಂದು ಜಯರಾಮಯ್ಯ ಅರಚಿದ. ಹೊಟ್ಟೆಯೊಳಗಿನ ಅರ್ಧ ಅರೆದ ಚಟ್ನಿ ಅಲ್ಲೇ ಪೂರ್ತಿ ನುಣ್ಣಗಾಯಿತು. ಮುಖ ಬಿಳಿಚಿದ್ದನ್ನು ಕಂಡು ಅಂಜನ್ ಚಾವಣಿಯ ಬಾಗಿಲು ತೆರೆದು, ಬೆಲ್ಟು ಕೊಕ್ಕೆಗೆ ಸಿಕ್ಕಿಸಿ, ಗಾಳಿ ಕುಡಿಯಲೆಂದು ತಲೆ ಹೊರಗೆ ಹಾಕಿಸಿದ. ಇರುವೆಗಳ ಹಾಗೆ ಕಂಡ ತನ್ನ ಊರಿನವರ ಕಡೆಗೆ ಜಯರಾಮಯ್ಯ ಎರಡೂ ಕೈ ಚಾಚಿ, "ಇಳಿಸ್ರೋ ನನ್ನ!" ಎಂದು ಕೂಗಿದ.

ಕೂಗು ಕೆಳಗೆ ಮುಟ್ಟಲಿಲ್ಲ. ಮುಟ್ಟಿದ್ದು ನೋಟ ಮಾತ್ರ.

"ಫ್ಯಾನ್ ತಿರುಗಿಸ್ತಾವ್ನೆ ಕಣ್ರಲಾ ಜಯರಾಮ! ನಮ್ಮ ಕಡೆ ಕೈ ಬೀಸ್ತಾವ್ನೆ!" ಎಂದ ರೇಣುಕಯ್ಯ.

"ನಗ್ತಾವ್ನಾ?" ಯಾರೋ ಕೇಳಿದರು.

"ನಗದೆ ಇನ್ನೇನು?"

ಸಹನಾ ಎಣ್ಣೆಯ ಕೆಲಸಕ್ಕೆ ಮೇಲೇ ಉಳಿದಳು. ಅಂಜನ್ ಜಯರಾಮಯ್ಯನನ್ನು ಕೆಳಗಿಳಿಸಿದ. ಭೂಮಿ ಮುಟ್ಟಿದ ಮೇಲೂ ಅವನಿಗೆ ಭೂಮಿ ತೂಗುತ್ತಿತ್ತು. ಆದರೂ ಸುಳ್ಳು ಹೇಳುವವನಲ್ಲ. ಹೆಲ್ಮೆಟ್ ತೆಗೆದು, ಜನರ ಮುಂದೆ ನಿಂತು, "ಡೀಸೆಲ್ ಇಲ್ಲ ಕಣ್ರಪ್ಪಾ. ನಂದೇ ತಪ್ಪು. ಗಾಳಿಯಿಂದ್ಲೇ ನಡೀತದೆ," ಎಂದ.



"ಇಲ್ವಾ?" ಎಂದಳು ವನಜಾಕ್ಷಿ.

"ಇಲ್ಲ. ರೆಕ್ಕೆ ನಿಧಾನ ತಿರುಗ್ತದೆ. ಗೇರ್‌ಬಾಕ್ಸು ನೂರು ಪಟ್ಟು ಜೋರು ಮಾಡ್ತದೆ. ಜನರೇಟರು, ಡೈನಮೋ ಥರ..."

ಅವನು ವಿವರಿಸಿದಷ್ಟೂ ಎದುರಿನ ಮುಖಗಳು ಬಿಗಿಯಾದವು. ಗೇರ್‌ಬಾಕ್ಸಿಗೆ ಬರುವಷ್ಟರಲ್ಲಿ ಅರ್ಧ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡೈನಮೋಗೆ ಬರುವಷ್ಟರಲ್ಲಿ ಉಳಿದರ್ಧವೂ.

"ಬೆಳಿಗ್ಗೆ ಡೀಸೆಲ್ ಅಂದೆ," ರೇಣುಕಯ್ಯ ನಿಧಾನವಾಗಿ ಎದುರು ಬಂದ. "ಮ್ಯಾಲೆ ಹೋಗಿ ಬರೋದ್ರೊಳಗೆ ಇಂಜಿನಿಯರ್ ಮಾತು ಕಲ್ತ್‌ಬುಟ್ಟೆ. ಏನ್ಲಾ ಕೊಟ್ರು?"

"ಏನೂ ಕೊಟ್ಟಿಲ್ಲ ಕಣ್ಲಾ! ನನ್ನ ಮಗಳಾಣೆ!"

"ಲಿಫ್ಟಲ್ಲಿ ಕರ್ಕೊಂಡೋದ್ರು, ಟೊಪ್ಪಿ ಹಾಕಿದ್ರು, ಮಿಷನ್ ಓಡ್ಸಕ್ಕೂ ಬುಟ್ರು. ನಮ್ಮನ್ನ ಯಾರಾದ್ರೂ ಅಂಗೆ ಕರೆದ್ರಾ?"

ಜಯರಾಮಯ್ಯನಿಗೆ ರೋಸಿಹೋಯಿತು. "ನಂಬದಿದ್ರೆ ನೀನೇ ಹೋಗಿ ನೋಡ್ಕೊಂಡು ಬಾರ್ಲಾ! ಅಂಜನಪ್ಪಾ, ಕರ್ಕೊಂಡೋಗು ಇವನ್ನ!"

ಅಂಜನ್ ಮೇಲಿದ್ದ ಸಹನಾಗೆ ವಾಕಿಟಾಕಿಯಲ್ಲಿ ಕೇಳಿ, ಆಯಿತೆಂದ. ಊರೆಲ್ಲ "ಹೋಗಿ ರೇಣುಕಣ್ಣ" ಎಂದು ಹುರಿದುಂಬಿಸಿತು. ರೇಣುಕಯ್ಯ ಟವೆಲ್ಲನ್ನು ತಲೆಗೆ ಬಿಗಿದು, ಕುಸ್ತಿಯ ಅಖಾಡಕ್ಕಿಳಿಯುವವನ ಹಾಗೆ ಒಳಗೆ ಹೋದ. ಕಬ್ಬಿಣದ ಬಾಗಿಲು ಮುಚ್ಚಿತು.

ಬಹಳ ಹೊತ್ತಾದರೂ ಯಾರೂ ಹೊರಗೆ ಬರಲಿಲ್ಲ. ಜಯರಾಮಯ್ಯ ಒಂದು ಕಲ್ಲಿನ ಮೇಲೆ ಒಬ್ಬನೇ ಕೂತಿದ್ದ. ಅವನ ಅಕ್ಕಪಕ್ಕದ ಕಲ್ಲುಗಳು ಖಾಲಿ ಇದ್ದರೂ ಜನ ಬಿಸಿಲಲ್ಲೇ ನಿಂತಿದ್ದರು.

ಬಾಗಿಲು ಒಂಚೂರು ತೆರೆದು ಅಂಜನ್ ಹೊರಗೆ ಬಂದ. ಜೀಪಿನಿಂದ ಬಟ್ಟೆ ತೆಗೆದುಕೊಳ್ಳುವ ನೆವದಲ್ಲಿ ಹತ್ತಿರ ಬಗ್ಗಿ, ನಗು ತಡೆದುಕೊಂಡು ಪಿಸುಗುಟ್ಟಿದ: "ಸಾರ್, ಆಯಪ್ಪ ಲಿಫ್ಟೇ ಹತ್ತಲಿಲ್ಲ. ಮೇಲೆ ನೋಡಿದೋನೇ ಕಾಲು ನಡುಗಿ ಕೂತ್ಬಿಟ್ಟ. ಸ್ವಲ್ಪ ಹೊತ್ತು ಇಲ್ಲೇ ಕೂರ್ತೀನಿ ಕಣಪ್ಪ, ಯಾರಿಗೂ ಹೇಳ್ಬೇಡ ಅಂತ ಕೈ ಮುಗೀತಾವ್ನೆ. ಕೆಳಗಿದ್ದ ಕ್ಯಾನ್ ಹಿಡ್ಕೊಂಡು ಕೂತವ್ನೆ."

ಜಯರಾಮಯ್ಯನ ಮುಖ ಅರಳಿತು.

ಅಷ್ಟರಲ್ಲಿ ಬಾಗಿಲು ಪೂರ್ತಿ ತೆರೆದು ರೇಣುಕಯ್ಯ ಹೊರಬಂದ. ಎರಡೂ ಅಂಗೈ ಕಪ್ಪಗೆ, ಎದೆಯ ಮೇಲೂ ಎಣ್ಣೆ. ಅಂಗೈಯನ್ನು ಎತ್ತಿ ಊರಿಗೆ ತೋರಿಸಿದ.

"ಡೀಸೆಲ್!" ಎಂದ. "ಟ್ರ್ಯಾಕ್ಟರಿಗಿಂತ ದೊಡ್ಡ ಇಂಜಿನ್ನು. ಮೂರು ಬ್ಯಾರೆಲ್ಲು. ನೋಡ್ರಿ, ಮುಟ್ಟಿ ಬಂದಿವ್ನಿ."

ಊರು ಹೋ ಎಂದಿತು. ಜಯರಾಮಯ್ಯ ಕಲ್ಲಿನಿಂದ ನೆಗೆದೆದ್ದ.

"ಸುಳ್ಳು! ಇವನು ಮ್ಯಾಲಕ್ಕೆ ಹೋಗೇ ಇಲ್ಲ! ಕೆಳಗೇ ಕೂತಿದ್ದ, ನಡುಗ್ತಾ!"

"ನೀನು ಹೊರಗೆ ಕೂತಿದ್ದೆ. ನಿಂಗೆಂಗ್ಲಾ ಗೊತ್ತು?"

"ಅಂಜನ್ ಹೇಳ್ದ! ಈಗ್ತಾನೆ ಬಂದು ಕಿವೀಲಿ ಹೇಳ್ದ!"

ಹೇಳಿದ ಮೇಲೆ ಜಯರಾಮಯ್ಯನಿಗೇ ತಾನು ಹೇಳಿದ್ದು ಕೇಳಿಸಿತು.

"ಕೇಳಿದ್ರಾ?" ರೇಣುಕಯ್ಯ ಮೆಲ್ಲಗೆ ಜನರ ಕಡೆ ತಿರುಗಿದ. "ಕಂಪ್ನಿಯೋರು ಕಿವೀಲಿ ಹೇಳ್ತಾರಂತೆ. ಇವನು ನಮಗೆ ಹೇಳ್ತಾನಂತೆ."

"ನಾನೂ ನೋಡ್ದೆ ಕಣಣ್ಣ, ಆ ಹುಡುಗ ಬಗ್ಗಿ ಏನೋ ಅಂತಿದ್ದ," ಎಂದಳು ವನಜಾಕ್ಷಿ.

"ಹೌದು ಕಣ್ರೀ, ಇವ್ರು ಲಿಫ್ಟ್ ಹತ್ತಿಲ್ಲ," ಎಂದು ಅಂಜನ್ ಸಾಕ್ಷಿ ನುಡಿಯಲು ಬಂದ. "ನೀನು ಇನ್ನೇನಂತೀಯಪ್ಪಾ, ಅವರ ಉಪ್ಪು ತಿನ್ನೋನು," ಎಂದು ಯಾರೋ ಅವನ ಬಾಯಿ ಮುಚ್ಚಿಸಿದರು.

ರೇಣುಕಯ್ಯನನ್ನು ನಡುವೆ ಹಾಕಿಕೊಂಡು ಜನ ಗುಡ್ಡ ಇಳಿಯತೊಡಗಿತು. ಬ್ಯಾರೆಲ್ಲು ಮೂರಿದ್ದದ್ದು ಅರ್ಧ ದಾರಿಯಲ್ಲೇ ಆರಾಗಿತ್ತು. ಮಧುಗಿರಿಗೆ ಹೋಗಿ ದೊಡ್ಡ ಸಾಹೇಬರಿಗೆ ದೂರು ಕೊಡುವ ಮಾತೂ, ದೂರಿನಲ್ಲಿ ಜಯರಾಮಯ್ಯನ ಹೆಸರನ್ನೂ ಸೇರಿಸುವ ಮಾತೂ ಅವನ ಕಿವಿಗೆ ಬಿತ್ತು. ಅಷ್ಟರಲ್ಲಿ ಮೇಲೆ ಎಣ್ಣೆಯ ಕೆಲಸ ಮುಗಿದು, ಸಹನಾ ಇಳಿದುಬಂದು, ಫ್ಯಾನಿನ ರೆಕ್ಕೆ ಮತ್ತೆ ಮೆಲ್ಲಗೆ ಅಲುಗಿ ತಿರುಗಿತು.

"ನೋಡ್ರಲಾ," ಎಂದ ರೇಣುಕಯ್ಯ ಕೆಳಗಿನಿಂದ. "ಎಣ್ಣೆ ಹಾಕಿದ್ರು, ಇಂಜಿನ್ ಸ್ಟಾರ್ಟ್ ಆಯ್ತು."

ಜಯರಾಮಯ್ಯ ಗುಂಪಿನಿಂದ ದೂರ ಉಳಿದು ಒಬ್ಬನೇ ಗುಡ್ಡ ಇಳಿದ.

ಅವನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ರಾಮಾಂಜಿನಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಅವನು ಎಲ್ಲವನ್ನೂ ಮೊದಲಿಂದ ಹೇಳಿದ: ರೆಕ್ಕೆ, ಗೇರ್‌ಬಾಕ್ಸು, ಜನರೇಟರು, ರೇಣುಕಯ್ಯನ ನಡುಕ.  ಎಲ್ಲ ಮುಗಿದ ಮೇಲೆ ಅವಳು ಹತ್ತಿರ ಬಂದು, ಅವನ ಅಂಗಿಯ ತೋಳನ್ನು ಹಿಡಿದು ಮೂಗಿಗೆ ಒತ್ತಿಕೊಂಡಳು.

"ಏನೂಂದ್ರೆ," ಎಂದಳು ದನಿ ತಗ್ಗಿಸಿ, "ಇದು ಡೀಸೆಲ್ ವಾಸ್ನೆ ಅಲ್ವಾ?"

"ಗೇರ್ ಎಣ್ಣೆ ಕಣೇ!" ಎಂದು ಜಯರಾಮಯ್ಯ ಕಿರುಚಿದ.

ಅವಳು ಒಳಗೆ ಹೋದಳು. ಜಯರಾಮಯ್ಯ ಬಾಗಿಲಲ್ಲಿ ಒಬ್ಬನೇ ನಿಂತು ತೋಳನ್ನು ಮೂಸಿದ. ಆಚೀಚೆ ನೋಡಿದ. ಇನ್ನೊಮ್ಮೆ, ಈ ಸಲ ಕಣ್ಣು ಮುಚ್ಚಿಕೊಂಡು, ದೀರ್ಘವಾಗಿ ಮೂಸಿದ.