ಗ್ರ್ಯಾಂಡ್ ಅಂದ್ರೆ ಎಷ್ಟು?

ನನ್ನ ಸೋದರಮಾವನಿಗೆ ಜನರ ಮುಖ ನೆನಪಿರುವುದಿಲ್ಲ, ಮೊಣಕೈಯ ಒಳಮಗ್ಗುಲು ನೆನಪಿರುತ್ತದೆ! ನಂಬದವರು ಅವರ ಜೊತೆ ಒಂದು ಮದುವೆಮನೆಗೆ ಹೋಗಿ ಬರಬೇಕು. ದಾವಣಗೆರೆಯ ಲ್ಯಾಬೊಂದರಲ್ಲಿ ಮೂವತ್ತೆರಡು ವರ್ಷ ಊರವರ ರಕ್ತ ತೆಗೆದವರು ಅವರು. ನನಗೆ ನೋಡಿದ ಗಂಡಿನ ಕೆಲಸವೇನು, ಗುಣವೇನು ಎಂದು ಮನೆಯವರೆಲ್ಲ ಚರ್ಚಿಸುತ್ತಿದ್ದರೆ, ಮೂಲೆಯಿಂದ ಇವರು, "ಹುಡುಗನ ನರ ಚೆನ್ನಾಗವೆ. ಒಂದೇ ಚುಚ್ಚಿಗೆ ಸಿಗ್ತವೆ" ಎಂದು ಸಂಬಂಧ ಕುದುರಿಸಿಬಿಟ್ಟಿದ್ದರು.

ಆ ಒಳ್ಳೆಯ ನರದವರ ಜೊತೆ ನಾನಿರುವುದು ಐರ್ಲೆಂಡಿನ ಡನ್‌ಡಾಕ್‌ನಲ್ಲಿ. ಈ ಚಳಿಗಾಲ ಮಾವ ಮೂರು ತಿಂಗಳಿಗೆಂದು ಬಂದರು. ಸೂಟ್‌ಕೇಸಿನಲ್ಲಿ ಮಂಡಕ್ಕಿ, ಚಟ್ನಿಪುಡಿ ಮತ್ತು ಒಂದು ದಪ್ಪ ನೋಟ್‌ಬುಕ್ಕು. ಅದರಲ್ಲಿ ನಮ್ಮ ಬಂಧುಬಳಗದವರೆಲ್ಲರ ಸಿಆರ್‌ಪಿ. ಮೈಯೊಳಗೆ ಉರಿಯೂತ ಎದ್ದರೆ ರಕ್ತದಲ್ಲಿ ಏರುವ ಅಂಕಿ ಅದು. ಉಳಿದವರು "ಊಟ ಆಯ್ತಾ" ಎನ್ನುವ ಕಡೆ ಮಾವ "ಸಿಆರ್‌ಪಿ ಎಷ್ಟೈತೆ" ಎನ್ನುತ್ತಾರೆ. ಕೇಳಿದರೆ, "ಮುಖ ಸುಳ್ಳು ಹೇಳ್ತೈತೆ ಕಣವ್ವ, ರಕ್ತ ಹೇಳಲ್ಲ."

ಇಂಥವರನ್ನು, ಏನು ಕೇಳಿದರೂ 'ಗ್ರ್ಯಾಂಡ್' ಎನ್ನುವ ದೇಶಕ್ಕೆ ಕರೆಸಿದ್ದು ನನ್ನದೇ ತಪ್ಪು. ಬಂದ ವಾರವೇ ಪಕ್ಕದ ಮನೆಯ ಅಜ್ಜ ಬೇಲಿಯಾಚೆ ಗೊರಗೊರ ಕೆಮ್ಮುತ್ತ, ಗ್ರ್ಯಾಂಡ್ ಆಗಿದ್ದೇನೆ ಎಂದ. ಮಾವ ನನ್ನ ಕಡೆ ತಿರುಗಿದರು.

"ಗ್ರ್ಯಾಂಡ್ ಅಂದ್ರೆ ಎಷ್ಟು?"

"ಚೆನ್ನಾಗಿದೀನಿ ಅಂತ, ಮಾವ."

"ಅದು ಗೊತ್ತಾತು. ಎಷ್ಟು?"

ಆಮೇಲೆ ಕೆಮ್ಮು ನನಗೇ ಬಂತು. ಡಾಕ್ಟರು ಎದೆಗೆ ಕಿವಿಗೊಟ್ಟು, ವೈರಸ್ಸು, ನೀರು ಕುಡಿಯಿರಿ, ಪ್ಯಾರಸಿಟಮಾಲ್ ತಗೊಳ್ಳಿ, ವಾರದಲ್ಲಿ ಗ್ರ್ಯಾಂಡ್ ಎಂದರು. ಬಹಳ ಜನಕ್ಕೆ ಅಷ್ಟೇ ಸಾಕು ಕೂಡ. ಮಾವ ದಾರಿಯುದ್ದಕ್ಕೂ ಗೊಣಗಿದರು: "ರಕ್ತ ನೋಡದೆ ಭವಿಷ್ಯ ಹೇಳಾಕೆ ಇವನೇನು ಜ್ಯೋತಿಷಿನಾ?"

ನಾಲ್ಕನೆಯ ದಿನ ಉಸಿರು ಸಿಗದೆ ಆಸ್ಪತ್ರೆ ಸೇರಿದೆ. ಜ್ವರದ ವೈರಸ್ಸು ಶ್ವಾಸಕೋಶಕ್ಕೆ ಇಳಿದಿತ್ತು. ಹೇಳಬಾರದು, ಆದರೂ ಹೇಳುತ್ತೇನೆ: ನರ್ಸ್ ಸಿರಿಂಜ್ ಹಿಡಿದು ಬಂದಾಗ ಮಾವನ ಮುಖದಲ್ಲಿ ಒಂದು ಕಳೆ ಬಂತು. ಸಾಲದ್ದಕ್ಕೆ ವಾರ್ಡಿನ ಡಾಕ್ಟರು ಹುಬ್ಬಳ್ಳಿಯವರು. ಅವರ ಗತಿ ಏನಾಗಿರಬೇಡ?

"ಒಂದ ನಂಬರ್ ಹಿಡ್ಕೊಂಡು ಏನೂ ಹೇಳಾಕ ಆಗಂಗಿಲ್ರಿ ಸರ್. ದಿನಾ ಅದು ಎತ್ತಾಗ ಹೊಂಟೈತಿ ನೋಡ್ಬೇಕು. ಸಿಆರ್‌ಪಿ ಏರಿ, ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ ಇಳದ್ರ ನಾವು ಹುಷಾರಾಗಿರ್ಬೇಕು."

"ಅದನ್ನೇ ನಾನು ಮೂವತ್ತೆರಡು ವರ್ಷದಿಂದ ಹೇಳ್ತಿರೋದು" ಎಂದರು ಮಾವ. ನಡುವೆ ನಾನೊಬ್ಬಳು ಮಲಗಿರುವುದು ಇಬ್ಬರಿಗೂ ಮರೆತಂತಿತ್ತು.

ದಿನಾ ಊರಿಗೆ ಮಾವನ ಫೋನು. ನನ್ನ ಅಮ್ಮನಿಗೆ ಕ್ರಿಕೆಟ್ ಸ್ಕೋರು ಹೇಳಿದಂತೆ, ನಲವತ್ತೆರಡು, ತೊಂಬತ್ತಾರು. ರೇಗಿ, ಆಮ್ಲಜನಕದ ಮಾಸ್ಕ್ ಎತ್ತಿ ಕೇಳಿಯೇಬಿಟ್ಟೆ: "ಮಾವ, ನಾನು ಹೇಗಿದೀನಿ ಅಂತ ಒಂದ್ಸಲನಾದ್ರೂ ಕೇಳ್ತೀರಾ?"

"ಅದನ್ನೇ ಬರೀತಿದೀನವ್ವ" ಎಂದರು, ನೋಟ್‌ಬುಕ್ಕಿನಿಂದ ತಲೆ ಎತ್ತದೆ.

ಅದರ ಮಾರನೆಯ ದಿನ ನನಗೆ ಸರಿಯಾಗಿ ನೆನಪಿಲ್ಲ. ಬರೀ ನಿದ್ದೆ, ಯಾರ್ಯಾರದೋ ದನಿ. ಆಮೇಲೆ ಚೇತರಿಸಿಕೊಂಡು ಮನೆಗೆ ಬಂದೆ.

ಮೊನ್ನೆ ಮೇಜು ಒರೆಸುವಾಗ ನೋಟ್‌ಬುಕ್ಕು ಕೈಗೆ ಸಿಕ್ಕಿತು. ನನ್ನ ಪುಟ. ಆಸ್ಪತ್ರೆಯ ಮೊದಲ ದಿನ ನಲವತ್ತೆರಡು, ಎರಡನೆಯ ದಿನ ತೊಂಬತ್ತಾರು. ನಾಲ್ಕನೆಯ ದಿನದಿಂದ ಇಳಿಮುಖ. ನಡುವೆ, ಮೂರನೆಯ ದಿನದ ಎದುರು ಅಂಕಿಯೇ ಇಲ್ಲ. ಮೂವತ್ತೆರಡು ವರ್ಷದ ಆ ದುಂಡು ಅಕ್ಷರದಲ್ಲಿ ಒಂದೇ ಒಂದು ಪದ: ಗ್ರ್ಯಾಂಡ್.

ಅಮ್ಮನಿಗೆ ಫೋನು ಮಾಡಿದೆ.

"ಹೂಂ ಕಣೆ, ಅವತ್ತು ನನಗೂ ಹಂಗೇ ಅಂದ. 'ಗ್ರ್ಯಾಂಡ್ ಐತೆ ಅಕ್ಕ' ಅಂದು ಫೋನ್ ಇಟ್ಟ. ನಂಬರ್ ಹೇಳ್ಲಿಲ್ಲ. ನಾನು ಆಗ್ಲೇ ದೇವರ ಮುಂದೆ ಕೂತ್ಕೊಂಡೆ."

ಅಡುಗೆಮನೆಯಲ್ಲಿ ಮಾವ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದರು. ನನಗೆ ಸಣ್ಣಗೆ ಕೆಮ್ಮು ಬಂತು. ಚಾಕು ನಿಂತಿತು.

"ಏನವ್ವ, ಮತ್ತೆ ಕೆಮ್ಮಾ?"

ವಾಡಿಕೆಯ ಜಗಳಕ್ಕೆ ತೆರೆದ ಬಾಯಿ ಮುಚ್ಚಿಕೊಂಡು, ಸ್ವೆಟರಿನ ತೋಳು ಸರಿಸಿ ಕೈ ಚಾಚಿದೆ. ಮಾವ ತಮ್ಮ ಕೈ ಒರೆಸಿಕೊಂಡು, ನನ್ನ ಮೊಣಕೈಯ ಒಳಮಗ್ಗುಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಬಹಳ ಹೊತ್ತು ಹಾಗೇ ಹಿಡಿದುಕೊಂಡರು.

"ಚೆನ್ನಾಗೈತೆ" ಎಂದರು.

ಎಷ್ಟು ಎಂದು ನಾನು ಕೇಳಲಿಲ್ಲ.