ಗಾಯಕಿಯರ ಗಂಟಲು ನೋಡುವ ಕೆಲಸ

ಹ್ಯೂಸ್ಟನ್ನಿನಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರಾಗಿ ಒಪೆರಾ ಹಾಡುವವರ ಗಂಟಲು ನೋಡುವವನಿಗೆ ವರ್ಷಕ್ಕೆ ಒಂದೆರಡು ಸಲವಾದರೂ ಎದೆ ಝಲ್ಲೆನ್ನುತ್ತದೆ. ಮೈಕಿಲ್ಲದೆ ಎರಡು ಸಾವಿರ ಜನಕ್ಕೆ ಕೇಳಿಸುವ ಹಾಗೆ ಹಾಡುವವರು ಅವರು. ನನ್ನ ರೂಮು ಇರುವುದು ಹತ್ತಡಿಗೆ ಹನ್ನೆರಡಡಿ.

ಹಳೆಯ ಗಂಟಲು

ರಂಗದ ಮೇಲೆ ಹಾಡುವುದನ್ನು ಬಿಟ್ಟು ಈಗ ಪಾಠ ಹೇಳುವ ಒಬ್ಬ ಹಿರಿಯ ಗಾಯಕಿ ನನ್ನ ಪೇಷೆಂಟ್. ಎಪ್ಪತ್ತೈದರ ಆಸುಪಾಸು, ತುಂಬಿದ ಮೈ. ಈ ಕಾಲದ ಗಾಯಕಿಯರನ್ನು ಕಂಡರೆ ಅವರಿಗಾಗದು. "ನಾವು ಹೊಟ್ಟೆ ತುಂಬ ಉಂಡು ಹಾಡುತ್ತಿದ್ದೆವು ಡಾಕ್ಟರ್. ಇವರು ಜಿಮ್‌ಗೆ ಹೋಗಿಬಂದು ಹಾಡುತ್ತಾರೆ" ಎನ್ನುತ್ತಾರೆ.

ಒಂದು ದಿನ ಅವರ ಮೂಗಿನೊಳಗೆ ಕ್ಯಾಮೆರಾದ ಸಣ್ಣ ಕೊಳವೆ ಇಳಿಸಿ, ಎಲ್ಲರಿಗೂ ಹೇಳುವಂತೆ "'ಈ' ಅನ್ನಿ" ಎಂದೆ. ಅಂದರು. ಟ್ರೇಯಲ್ಲಿದ್ದ ಉಪಕರಣಗಳೆಲ್ಲ ಝಣಝಣ ಎಂದವು. ಹೊರಗೆ ಬಂದು ನೋಡಿದರೆ, ಕಿವಿನೋವೆಂದು ಕಾಯುತ್ತಿದ್ದವನೇ ಇಲ್ಲ.

"ಒಳಗೆ ಏನು ಮಾಡ್ತಾರೆ ಅಂತ ಕೇಳಿಸಿತು, ನನ್ನ ಕಿವಿ ಈಗ ಪರವಾಗಿಲ್ಲ ಅಂತ ಹೇಳಿ ಹೋದರು" ಎಂದಳು ರಿಸೆಪ್ಷನಿಸ್ಟ್.

ಹೊಸ ಗಂಟಲು

ಮುಂದಿನ ವಾರ ಬಂದವಳು ಆಸ್ಟಿನ್ನಿನಲ್ಲಿ ನಾಯಕಿಯಾಗಿ ಹಾಡಬೇಕಿದ್ದ ಹುಡುಗಿ. ಕಡ್ಡಿಯಂತಿದ್ದಳು. ಕುತ್ತಿಗೆಗೆ ಎರಡು ಸುತ್ತು ಸ್ಕಾರ್ಫ್. "ಏನು ತೊಂದರೆ?" ಎಂದರೆ ಮಾತಿಲ್ಲ. ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು: "ಶೋ ತನಕ ಮಾತಾಡುವುದಿಲ್ಲ. ಗಂಟಲು ಕೆಟ್ಟರೆ ಪಾತ್ರ ಇನ್ನೊಬ್ಬಳಿಗೆ ಹೋಗುತ್ತದೆ."

ನಾನು ಪ್ಯಾಡಿನಲ್ಲಿ ಪ್ರಶ್ನೆ ಬರೆದೆ, ಅವಳು ಉತ್ತರ ಟೈಪ್ ಮಾಡಿದಳು. ಹೀಗೇ ಕಾಲು ಗಂಟೆ ನಡೆಯಿತು. ಕೊನೆಗೆ ನರ್ಸ್ ಇಣುಕಿ, "ಡಾಕ್ಟರ್, ಅವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಲ್ಲ" ಎಂದಳು.

ಸಾಯುವ ಹಾಡು

ಹುಡುಗಿಯ ಗಂಟಲು ಸರಿಹೋಯಿತು. ಶೋಗೆ ಅವಳೇ ಟಿಕೆಟ್ ಕಳಿಸಿದಳು. ಆಸ್ಟಿನ್ನಿನಲ್ಲೇ ಇರುವ ನನ್ನ ಬೀಗಿತ್ತಿಯೂ ಜೊತೆಗೆ ಬಂದರು, ಹುಬ್ಬಳ್ಳಿಯವರು. ಕೊನೆಯ ದೃಶ್ಯದಲ್ಲಿ ನಾಯಕಿ ಕಾಯಿಲೆಯಿಂದ ಸಾಯಬೇಕು. ಮಲಗಿಕೊಂಡು ಹತ್ತು ನಿಮಿಷ ಹಾಡಿದಳು. ಎದ್ದು ಕೂತು ಇನ್ನೂ ಹತ್ತು ನಿಮಿಷ ಹಾಡಿದಳು.

ಬೀಗಿತ್ತಿ ಗಾಬರಿಯಾಗಿ ನನ್ನ ಕಡೆ ಬಾಗಿದರು. "ಬೀಗರ, ಈಕಿಗೆ ಏನ ರೋಗರಿ?"

"ಟಿ.ಬಿ."

"ಈಕಿಗೆ ಔಷಧ ಕೊಟ್ಟವರು ನೀವ ಅಲ್ರಿ?"

"ಹೌದು."

"ಸ್ವಲ್ಪ ಜಾಸ್ತಿ ಆಗೇತಿ ಅನಸ್ತೇತ್ರಿ."

ಡಲ್ಲಾಸ್ ದಾರಿ

ಕಳೆದ ತಿಂಗಳು ನಾನೂ ನನ್ನ ಹೆಂಡತಿಯೂ ಡಲ್ಲಾಸಿನ ಆಚೆಯ ಮೆಕಿನ್ನಿಗೆ ಹೊರಟಿದ್ದೆವು. ಡಲ್ಲಾಸಿನಲ್ಲಿ ತಂಗಿಯ ಮನೆಗೆ ಹೋಗಬೇಕಿದ್ದ ಆ ಹಿರಿಯ ಗಾಯಕಿಯನ್ನೂ ಕಾರಿಗೆ ಹತ್ತಿಸಿಕೊಂಡೆವು. ಊರು ದಾಟಿದ ಮೇಲೆ ರೇಡಿಯೊ ಹಾಕಿದೆ. ಯಾವುದೋ ಒಪೆರಾದ ಹಾಡು, ಹೆಣ್ಣುದನಿ. ಮುಂದಿನ ಸೀಟಿನಲ್ಲಿದ್ದ ಅವರು ಎರಡು ಸಾಲು ಕೇಳಿ ಮುಖ ಸಿಂಡರಿಸಿದರು.

"ನಾನು ಹೇಳುವುದು ಇದನ್ನೇ. ಉಸಿರು ಸಾಲದು. ಮೇಲೆ ಹೋದರೆ ದನಿ ನಡುಗುತ್ತದೆ. ಯಾರೋ ಈಗಿನ ಹುಡುಗಿ. ಇವಳಿಗೆ ಪಾಠ ಹೇಳಿದವರನ್ನು ಹಿಡಿದು ಕೇಳಬೇಕು."

ಹಾಡು ಮುಗಿಯುವವರೆಗೂ ಹೀಗೆ ತಪ್ಪು ಎಣಿಸಿದರು. ಆಮೇಲೆ ರೇಡಿಯೊದವನು, ಇದು ಇಪ್ಪತ್ತೈದು ವರ್ಷ ಹಳೆಯ ರೆಕಾರ್ಡಿಂಗ್ ಎಂದು ಹೇಳಿ, ಹಾಡಿದವರ ಹೆಸರನ್ನೂ ಹೇಳಿದ. ಅದು ಇವರದೇ ಹೆಸರು.

ನಾನು ರೇಡಿಯೊ ಆರಿಸಿದೆ. ಐದಾರು ಮೈಲಿಯಾದ ಮೇಲೆ ಅವರೇ ಗಂಟಲು ಸರಿಮಾಡಿಕೊಂಡರು.

"ಹಾಡಿದವಳದ್ದೇನೂ ತಪ್ಪಿಲ್ಲ. ಆಗ ನನ್ನ ಗಂಟಲು ನೋಡುತ್ತಿದ್ದ ಡಾಕ್ಟರ್ ಸರಿಯಿರಲಿಲ್ಲ."

ಮೂವತ್ತು ವರ್ಷದಿಂದ ಅವರ ಗಂಟಲು ನೋಡುತ್ತಿರುವವನು ನಾನೊಬ್ಬನೇ.